ಹಾಲು ಬಿಡಿಸಿದರೆ ಮಾತು ಬರುವುದೇ?

"ಹೊಟ್ಟಿ ಕೆಟ್ಟದ, ಅದಕ್ಕ ಮೈತುಂಬ ನಂಜಾಗೇದ, ಅದಕ್ಕ ಕೂಸು ಮಾತಾಡವಲ್ದು." ಧಾರವಾಡ ಜಿಲ್ಲೆಯ ಮೊರಬದಂಥ ಊರಿನಲ್ಲಿ ಆಟಿಸಂ ಇರುವ ಮಗುವಿಗೆ ಇಸಬೂ ಇದ್ದರೆ ಇಂಥ ಮಾತು ಹುಟ್ಟಲು ತಡವಾಗುವುದಿಲ್ಲ. ಮೊಬೈಲಿನ ವಿಡಿಯೋಗಳು ಈ ನಂಜಿಗೆ 'ಕೆಟ್ಟ ಬ್ಯಾಕ್ಟೀರಿಯಾ' ಎಂದು ಹೆಸರಿಟ್ಟಿವೆ. ಅಲ್ಲಿಗೆ ಮೊದಲು ಹಾಲು ಬಂದ್, ಆಮೇಲೆ ಗೋಧಿ, ಶೇಂಗಾ, ಬದನೆಕಾಯಿ.

ಈ ಮಾತು ಪೂರ್ತಿ ಸುಳ್ಳಲ್ಲ. ಆಟಿಸಂ ಇರುವ ಮಕ್ಕಳಲ್ಲಿ ಮಲಬದ್ಧತೆ, ಹೊಟ್ಟೆನೋವು ಹೆಚ್ಚು. ಇಸಬು, ಅಲರ್ಜಿಗಳೂ ಹೆಚ್ಚೆಂದು ಹಲವು ಅಧ್ಯಯನಗಳು ಕಂಡಿವೆ. ಕರುಳಿನ ಬ್ಯಾಕ್ಟೀರಿಯಾಗಳಲ್ಲೂ ವ್ಯತ್ಯಾಸ ಸಿಕ್ಕಿದೆ. ಆದರೆ ಕಾರಣ ಯಾವುದು, ಪರಿಣಾಮ ಯಾವುದು? 2021ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು 247 ಮಕ್ಕಳ ಮಲದ ಮಾದರಿ ಪರೀಕ್ಷಿಸಿದಾಗ, ಬ್ಯಾಕ್ಟೀರಿಯಾಕ್ಕೂ ಆಟಿಸಂಗೂ ನೇರ ನಂಟು ತೀರಾ ಕಡಿಮೆ ಕಂಡಿತು. ಆಟಿಸಂ ಇರುವ ಅನೇಕ ಮಕ್ಕಳು ಬಣ್ಣ, ವಾಸನೆ, ಮೆತ್ತಗಿದೆಯೋ ಗಟ್ಟಿಯೋ ನೋಡಿ ನಾಲ್ಕೈದೇ ಪದಾರ್ಥ ಮುಟ್ಟುತ್ತಾರೆ. ಊಟ ಇಷ್ಟು ಕಿರಿದಾದಾಗ ಕರುಳಿನ ಬ್ಯಾಕ್ಟೀರಿಯಾಗಳ ಬಗೆಗಳೂ ಕಡಿಮೆಯಾಗುತ್ತವೆ ಎಂಬುದು ಆ ಸಂಶೋಧಕರ ತೀರ್ಮಾನ. ಅಂಥ ಮಗುವಿನ ತಾಟಿನಿಂದ ಹಾಲನ್ನೂ ತೆಗೆದರೆ ಉಳಿಯುವುದೇನು? ಹಾಲು ಕುಡಿದ ಸ್ವಲ್ಪ ಹೊತ್ತಿಗೆ ಮೈಮೇಲೆ ದದ್ದು, ವಾಂತಿ ಆದರೆ, ಇಲ್ಲವೇ ಮಲದಲ್ಲಿ ರಕ್ತ ಕಂಡರೆ ಅದು ಅಲರ್ಜಿ ಇರಬಹುದು. ಅದನ್ನು ವೈದ್ಯರು ಪರೀಕ್ಷಿಸಿ ಹೇಳಲಿ. ಹಾಲು, ಗೋಧಿ ಬಿಟ್ಟರೆ ಆಟಿಸಂ ಹೋಗುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. ಗೋಧಿಯ ಪ್ರೋಟೀನಾದ ಗ್ಲುಟೆನ್‌ಗೆ ಹೆದರಿ ದುಬಾರಿ 'ಗ್ಲುಟೆನ್ ಇಲ್ಲದ' ಪೊಟ್ಟಣ ಕೊಳ್ಳಲು ಹೊರಟವರು ನೆನಪಿಡಿ: ನಮ್ಮ ಜೋಳದಲ್ಲಿ ಗ್ಲುಟೆನ್ ಮೊದಲೇ ಇಲ್ಲ.

'ಒಳ್ಳೆಯ ಬ್ಯಾಕ್ಟೀರಿಯಾ' ಇರುವ ಪ್ರೊಬಯಾಟಿಕ್ ಪುಡಿಯ ಮಾತೂ ಹಾಗೇ. ಇಸಬಿಗೆ ಅದನ್ನು ಕೊಟ್ಟು ನೋಡಿದ 39 ಪ್ರಯೋಗಗಳನ್ನು 2018ರಲ್ಲಿ ಒಟ್ಟಿಗಿಟ್ಟು ತೂಗಿದಾಗ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಮನೆಯ ಮಜ್ಜಿಗೆಯನ್ನು ಮಗು ಇಷ್ಟಪಟ್ಟು ಕುಡಿದರೆ ಕುಡಿಯಲಿ. ಅದು ಒಳ್ಳೆಯ ಆಹಾರ, ಔಷಧವಲ್ಲ.

"ಇಸಬು ಅಂಟತದ, ಆ ಹುಡುಗನ ಬಾಜೂಕ ಕೂಡಬ್ಯಾಡ" ಎನ್ನುವುದು ನನಗೆ ಎಲ್ಲಕ್ಕಿಂತ ನೋವು ಕೊಡುವ ಮಾತು. ಅಂಟುವುದು ಗಜ್ಜಿ, ಇಸಬಲ್ಲ. ಇಸಬಿನಲ್ಲಿ ಚರ್ಮದ ತಡೆಗೋಡೆಯೇ ದುರ್ಬಲ. ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್‌ನಲ್ಲಿ ದೋಷವಿದ್ದವರಿಗೆ ಅದು ಹೆಚ್ಚು ಬರುತ್ತದೆಂದು 2006ರಲ್ಲೇ ಗೊತ್ತಾಗಿದೆ. ತಾಯಿ ಬಸುರಿಯಾಗಿದ್ದಾಗ ಏನೋ ತಿಂದದ್ದಕ್ಕೆ ಹೀಗಾಯಿತೆಂದು ಅವಳನ್ನು ಹಳಿಯುವುದು ಅನ್ಯಾಯ.

ಮಾತು ಬಾರದ ಮಗು "ತುರಸ್ತದ" ಎನ್ನಲಾರದು. ರಾತ್ರಿಯೆಲ್ಲ ಕೆರೆದುಕೊಂಡು, ನಿದ್ದೆಗೆಟ್ಟು, ಹಗಲು ಕಿರುಚಿ, ತಲೆ ಬಡಿದುಕೊಂಡರೆ ಮನೆಯವರು "ಆಟಿಸಂ ಜಾಸ್ತಿಯಾತು" ಎಂದುಕೊಳ್ಳುತ್ತಾರೆ. ಹಟ ಹಠಾತ್ತನೆ ಹೆಚ್ಚಿದರೆ ಮೊದಲು ಮೊಣಕೈ, ಮೊಣಕಾಲಿನ ಸಂದು ನೋಡಿ, ಎಷ್ಟು ದಿನಕ್ಕೆ ಮಲವಿಸರ್ಜನೆ ಆಗುತ್ತಿದೆ ಗಮನಿಸಿ. ಸ್ನಾನ ಮಾಡಿಸಿದ ಕೂಡಲೇ, ಮೈ ಹಸಿಯಿರುವಾಗಲೇ ವ್ಯಾಸಲೀನ್ ಹಚ್ಚಿ. ಮೆಡಿಕಲ್ ಶಾಪಿನವರು ಕೊಟ್ಟ ಸ್ಟೀರಾಯ್ಡ್ ಮುಲಾಮನ್ನು ವೈದ್ಯರನ್ನು ಕೇಳದೆ ಹಚ್ಚಬೇಡಿ. ತುರಿಕೆ, ಮಲಬದ್ಧತೆ ವಾಸಿಯಾದರೆ ಆಟಿಸಂ ಹೋಗುವುದಿಲ್ಲ, ಆದರೆ ಮಗು ಮಲಗುತ್ತದೆ, ಕಲಿಯಲು ಕೂಡುತ್ತದೆ.

"ಅವರಪ್ಪನೂ ತಡಾ ಮಾತಾಡ್ಯಾನ" ಎಂದು ಕಾಯಬೇಡಿ. ಅಂಗನವಾಡಿಗೆ ವರ್ಷಕ್ಕೆರಡು ಸಲ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಮಗುವನ್ನು ತೋರಿಸಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ಹುಬ್ಬಳ್ಳಿಯಲ್ಲಿ ಜನ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆ ಬಸ್ಸಿನಲ್ಲಿ ಹೋಗಿಬರುವ ದೂರದಲ್ಲೇ ಇವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಅಂಗವೈಕಲ್ಯದ ಪ್ರಮಾಣಪತ್ರ ಮಾಡಿಸುವುದು ನಿಮ್ಮ ಮಗುವಿನ ಹಕ್ಕು.