ಲಾರಿಯನ್ನೇ ಹೊತ್ತು ಸಾಗುವ ರೈಲು

ಸರಕು ತುಂಬಿದ ಲಾರಿಗಳು ಸುರತ್ಕಲ್ ರೈಲು ನಿಲ್ದಾಣದ ಇಳಿಜಾರು ಕಟ್ಟೆಯನ್ನೇರಿ, ಒಂದರ ಹಿಂದೆ ಒಂದರಂತೆ ಗೋಡೆಗಳಿಲ್ಲದ ವ್ಯಾಗನ್‌ಗಳ ಮೇಲೆ ಸಾಲಾಗಿ ನಿಲ್ಲುತ್ತವೆ. ಚಕ್ರಗಳಿಗೆ ಅಡ್ಡ ಕೊಟ್ಟು ಸರಪಳಿ ಬಿಗಿದರೆ ಆಯಿತು. ಚಾಲಕ ಮತ್ತು ಕ್ಲೀನರ್ ತಮ್ಮ ಲಾರಿಯಲ್ಲೇ ಕುಳಿತು, ಇಂಧನವನ್ನೂ ಟಯರನ್ನೂ ಸವೆಸದೆ, ಸುಮಾರು 700 ಕಿ.ಮೀ. ದೂರದ ಮಹಾರಾಷ್ಟ್ರದ ಕೋಲಾಡ್ ತಲುಪುತ್ತಾರೆ.

ಕೊಂಕಣ ರೈಲ್ವೆಯ ಈ ಸೇವೆಯ ಹೆಸರು 'ರೋ-ರೋ'. 1999ರ ಜನವರಿ 26ರಂದು ಕೋಲಾಡ್ ಮತ್ತು ಗೋವಾದ ವೆರ್ಣ ನಡುವೆ ಆರಂಭವಾಗಿ, 2004ರಲ್ಲಿ ಸುರತ್ಕಲ್‌ವರೆಗೆ ಬಂತು. ವಾಹನ ತಾನೇ ಉರುಳಿ ಹತ್ತುತ್ತದೆ, ತಾನೇ ಉರುಳಿ ಇಳಿಯುತ್ತದೆ ಎಂಬುದು ಹೆಸರಿನ ಅರ್ಥ. ಇದು ಹಡಗಿನವರಿಂದ ಬಂದ ಮಾತು.

ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳುವಾಗ ಆಗುವ ತಡೆ, ರಸ್ತೆಯ ಮೇಲಿನ ರಬ್ಬರ್ ಟಯರಿಗಿಂತ ಹಲವು ಪಟ್ಟು ಕಡಿಮೆ. ನೀರಿನ ಮೇಲೆ ನಿಧಾನವಾಗಿ ಸಾಗುವ ಹಡಗಿನ ಖರ್ಚು ಇನ್ನೂ ಕಡಿಮೆ. ಹೀಗಿದ್ದೂ 1950-51ರಲ್ಲಿ ದೇಶದ ಸರಕಿನಲ್ಲಿ ಶೇ 85ಕ್ಕೂ ಹೆಚ್ಚು ಪಾಲು ಹೊತ್ತಿದ್ದ ರೈಲ್ವೆಯ ಪಾಲು ಇಂದು ಮೂರನೇ ಒಂದಕ್ಕಿಂತ ಕಡಿಮೆ. ಏಕೆ?

ಉತ್ತರವಿರುವುದು ಹಮಾಲಿಯ ಲೆಕ್ಕದಲ್ಲಿ. ಲಾರಿ ಅಂಗಡಿಯ ಬಾಗಿಲಿಗೆ ಬರುತ್ತದೆ. ರೈಲಿಗಾದರೆ ಮೊದಲು ಲಾರಿಯಲ್ಲಿ ನಿಲ್ದಾಣಕ್ಕೆ ಸಾಗಿಸಬೇಕು, ಅಲ್ಲಿ ಇಳಿಸಿ ವ್ಯಾಗನ್‌ಗೆ ತುಂಬಬೇಕು, ಕೊನೆಗೆ ಮತ್ತೆ ಲಾರಿಗೇರಿಸಬೇಕು. ಪ್ರತಿ ಸಲವೂ ಕೂಲಿ, ಒಡೆತ, ಕಳವು, ವಿಳಂಬ. ಮೇಲಾಗಿ ರೈಲ್ವೆಗೆ ಬೇಕಾದದ್ದು ಇಡೀ ರೈಲು ತುಂಬುವಷ್ಟು ಸರಕು. ಕಲ್ಲಿದ್ದಲು, ಅದಿರುಗಳಿಗೆ ಅದು ಸರಿ. ಹತ್ತು ಟನ್ ಸಾಮಾನಿನ ವ್ಯಾಪಾರಿ ಏನು ಮಾಡಬೇಕು?

ಸರಕು ಹೋಗುವ ದಾರಿ ಸಾಗಣೆಯ ಅನುಕೂಲದಂತೆ ಬದಲಾಗುವುದು ಹೊಸತೇನಲ್ಲ. ಒಂದು ಕಾಲಕ್ಕೆ ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟವಿಳಿದು ಕುಮಟಾ ಬಂದರಿನಿಂದ ಮುಂಬೈಗೆ ಹೋಗುತ್ತಿತ್ತು. ಬೆಳೆದದ್ದು ಬಯಲುಸೀಮೆಯಲ್ಲಾದರೂ ಮಾರುಕಟ್ಟೆಯಲ್ಲಿ ಅದಕ್ಕೆ 'ಕುಮಟಾ ಹತ್ತಿ' ಎಂದೇ ಹೆಸರು! 1880ರ ದಶಕದಲ್ಲಿ ಮುರ್ಮುಗೋವಾ ಬಂದರಿಗೆ ರೈಲು ಹಾದಿಯಾದ ಮೇಲೆ ಹತ್ತಿ ಅತ್ತ ತಿರುಗಿತು. ಕುಮಟಾಕ್ಕೆ ಹೆಸರಷ್ಟೇ ಉಳಿಯಿತು.

ರೋ-ರೋದ ಜಾಣತನವೆಂದರೆ ಲಾರಿಯೊಡನೆ ಜಗಳಕ್ಕೆ ಹೋಗದಿರುವುದು. ಸರಕನ್ನು ಮುಟ್ಟುವುದೇ ಇಲ್ಲ. ಲಾರಿಯನ್ನೇ ಸರಕೆಂದು ಭಾವಿಸುತ್ತದೆ. ಮಳೆಗಾಲದಲ್ಲಿ ಗುಡ್ಡ ಕುಸಿಯುವ, ಹಳೆಯ 17, ಈಗಿನ 66ನೇ ಹೆದ್ದಾರಿಯ ತಿರುವುಗಳಲ್ಲಿ ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡು ಓಡಿಸಬೇಕಾದ ಚಾಲಕನಿಗೆ ಅಷ್ಟು ಹೊತ್ತು ನಿದ್ದೆಯಾದರೂ ಸಿಗುತ್ತದೆ.

ಕೊರತೆಗಳೂ ಇವೆ. ಸರಕಿನ ಜೊತೆಗೆ ಲಾರಿಯ ಟನ್ನುಗಟ್ಟಲೆ ಭಾರವನ್ನೂ ರೈಲು ಎಳೆಯಬೇಕು. ಸುರಂಗ ಮತ್ತು ವಿದ್ಯುತ್ ತಂತಿಯ ಕಾರಣ ಲಾರಿಯ ಎತ್ತರಕ್ಕೆ ಮಿತಿಯಿದೆ. ಹತ್ತಿರದ ದೂರಕ್ಕೆ ಈ ಏರಿಳಿತ ಗಿಟ್ಟದು.

ಸಮುದ್ರದಲ್ಲಿ ಇದೇ ಉಪಾಯವನ್ನು ಗುಜರಾತ್ ಕೈಗೊಂಡಿದೆ. ಘೋಘಾ ಮತ್ತು ಹಜೀರಾ ನಡುವೆ 2020ರ ನವೆಂಬರ್‌ನಲ್ಲಿ ಆರಂಭವಾದ ಹಡಗು ಸೇವೆಯಿಂದ, ಕೊಲ್ಲಿಯನ್ನು ಸುತ್ತುವ ಸುಮಾರು 370 ಕಿ.ಮೀ. ರಸ್ತೆಯ ಬದಲು ಲಾರಿ 90 ಕಿ.ಮೀ. ಕಡಲು ದಾಟಿದರೆ ಸಾಕು. ಆಚೆ ದಡದಲ್ಲಿ ಅದು ತನ್ನ ಚಕ್ರದ ಮೇಲೆ ತಾನೇ ಹೊರಡುತ್ತದೆ. ಕೋಲಾಡ್‌ನಲ್ಲಿ ಇಳಿದ ಲಾರಿಯೂ ಅಷ್ಟೆ; ಮುಂಬೈ ಮುಟ್ಟಲು ಅದಕ್ಕಿನ್ನೂ ನೂರಕ್ಕೂ ಹೆಚ್ಚು ಕಿಲೋಮೀಟರ್ ಹೆದ್ದಾರಿ ಬಾಕಿಯಿರುತ್ತದೆ.