ವಿಡಿಯೋ ಗೇಮ್‌ಗಳ ವಿನ್ಯಾಸ: ವರ್ತಕರ ದೃಷ್ಟಿಯಲ್ಲಿ ಒಂದು ಪರಿಶೀಲನೆ

ವಿಡಿಯೋ ಗೇಮ್ ಎಂದೊಡನೆ ಇದು ಮಕ್ಕಳ ವಿಷಯವೆಂದು ಪುಟ ತಿರುವುವ ಸದಸ್ಯರೇ ಹೆಚ್ಚು. ಆದರೆ ಇಂದು ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿರುವ ಮೊಬೈಲಿನಲ್ಲಿ ವ್ಯಾಪಾರದ ಯುಪಿಐ ಖಾತೆಯೂ ಇದೆ, ಗೇಮೂ ಇದೆ. ಕುಪ್ಪಗಡ್ಡೆಯ ಕಿರಾಣಿ ವರ್ತಕರಿಗೂ ಶಿವಮೊಗ್ಗದ ಸಣ್ಣ ಉದ್ದಿಮೆದಾರರಿಗೂ ಈ ಮಾತು ಸಮಾನವಾಗಿ ಅನ್ವಯಿಸುತ್ತದೆ.

ಉಚಿತ ಸರಕಿನ ಆದಾಯ

ಪಬ್ಜಿ ಮೊಬೈಲ್ ಗೇಮನ್ನು ಕೇಂದ್ರ ಸರ್ಕಾರವು 2020ರ ಸೆಪ್ಟೆಂಬರಿನಲ್ಲಿ ನಿಷೇಧಿಸಿತು. ತರುವಾಯ ದಕ್ಷಿಣ ಕೊರಿಯಾದ ಕ್ರಾಫ್ಟನ್ ಸಂಸ್ಥೆಯು 2021ರ ಜುಲೈ 2ರಂದು ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ವನ್ನು ಬಿಡುಗಡೆ ಮಾಡಿತು. ನೂರು ಮಂದಿ ಆಟಗಾರರು ಬರಿಗೈಯಲ್ಲಿ ದ್ವೀಪವೊಂದಕ್ಕೆ ಇಳಿಯುತ್ತಾರೆ. ಸುರಕ್ಷಿತ ವಲಯವು ಕ್ರಮೇಣ ಕಿರಿದಾಗುತ್ತದೆ. ಕೊನೆಗೆ ಉಳಿದವರೇ ವಿಜಯಿಗಳು. ಹಣ ತೆತ್ತು ಕೊಳ್ಳುವುದು ಮುಖ್ಯವಾಗಿ ವೇಷಭೂಷಣ ಮತ್ತು ಆಯುಧಗಳ ಅಲಂಕಾರವನ್ನು. ಆಟದ ಮಟ್ಟಿಗೆ ಇದು ನ್ಯಾಯವಾದ ವಿನ್ಯಾಸವೆಂದು ಒಪ್ಪಬೇಕು.

ಆಕ್ಷೇಪವಿರುವುದು ಆಟದೊಳಗಿನ ಅಂಗಡಿಯ ಬಗ್ಗೆ. ಅಲ್ಲಿ ಎರಡು ಪರದೆಗಳಿವೆ. ಮೊದಲನೆಯದಾಗಿ, ರೂಪಾಯಿಯು ‘ಯುಸಿ’ ಎಂಬ ಆಟದ ನಾಣ್ಯವಾಗಿ ಮಾರ್ಪಡುತ್ತದೆ; ಬೆಲೆಯ ಅರಿವು ಅಲ್ಲಿಗೆ ಮಸುಕಾಗುತ್ತದೆ. ಎರಡನೆಯದಾಗಿ, ಆ ನಾಣ್ಯದಿಂದ ತೆರೆಯುವ ಪೆಟ್ಟಿಗೆಯಲ್ಲಿ ಏನಿದೆಯೆಂಬುದು ತೆರೆದ ಮೇಲಷ್ಟೇ ತಿಳಿಯುತ್ತದೆ. ರಾಶಿಯೋ ಗೊರಬಲೋ ಎಂದು ನೋಡದೆ ಅಡಿಕೆಯ ಚೀಲಕ್ಕೆ ಧಾರಣೆ ಹೇಳುವ ವರ್ತಕರು ನಮ್ಮ ಸೀಮೆಯಲ್ಲುಂಟೇ? ಚೌಕಾಬಾರದಲ್ಲಿಯೂ ಅದೃಷ್ಟವಿದೆ, ಆದರೆ ಅಲ್ಲಿ ಕವಡೆ ಎಲ್ಲರ ಕಣ್ಣೆದುರೇ ಬೀಳುತ್ತದೆ.

ಉದಾಹರಣೆಗೆ, ಪೆಟ್ಟಿಗೆಯೊಂದಕ್ಕೆ 60 ರೂಪಾಯಿ, ಬಯಸಿದ ವಸ್ತು ದೊರೆಯುವ ಸಂಭವ ನೂರಕ್ಕೆ ಒಂದು ಎಂದಿಟ್ಟುಕೊಳ್ಳೋಣ. ನೂರು ಪೆಟ್ಟಿಗೆಗೆ 6,000 ರೂಪಾಯಿ ತೆತ್ತರೆ ವಸ್ತು ಖಚಿತವೆಂದು ಹಲವರು ಭಾವಿಸುತ್ತಾರೆ. ಲೆಕ್ಕ ಹಾಗಿಲ್ಲ. ಅಷ್ಟು ತೆತ್ತ ನೂರು ಮಂದಿಯಲ್ಲಿ ಸುಮಾರು 37 ಮಂದಿಗೆ ಆ ವಸ್ತು ದೊರೆತಿರುವುದಿಲ್ಲ. ಈ ಕಾರಣದಿಂದಲೇ ಆಪಲ್ ಸಂಸ್ಥೆಯು 2017ರಲ್ಲಿ, ಇಂತಹ ಪೆಟ್ಟಿಗೆಗಳ ಸಂಭವವನ್ನು ಮೊದಲೇ ಪ್ರಕಟಿಸಬೇಕೆಂದು ನಿಯಮ ಮಾಡಿತು. ಬೆಲ್ಜಿಯಂ ದೇಶದ ಜೂಜು ಆಯೋಗವು 2018ರಲ್ಲಿ ಕೆಲವು ಗೇಮ್‌ಗಳ ಪೆಟ್ಟಿಗೆಗಳನ್ನು ಜೂಜೆಂದೇ ಪರಿಗಣಿಸಿತು.

ಪ್ರಚಾರ ಮೊದಲು, ಸರಕು ನಂತರ

ಬೆಂಗಳೂರಿನ ಎನ್‌ಕೋರ್ ಗೇಮ್ಸ್ ಸಂಸ್ಥೆಯ ‘ಫೌಜಿ’ಯದು ಬೇರೊಂದು ಪಾಠ. ಪಬ್ಜಿಗೆ ಸ್ವದೇಶಿ ಉತ್ತರವೆಂದು ಜನ ಕಾದಿದ್ದ ಈ ಗೇಮ್ 2021ರ ಜನವರಿ 26ರಂದು ಬಂದಾಗ, ಅದರಲ್ಲಿದ್ದದ್ದು ಗಾಲ್ವಾನ್ ಕಣಿವೆಯ ಹಿನ್ನೆಲೆಯಲ್ಲಿ ಒಬ್ಬರೇ ಆಡುವ ಕೈಕೈ ಕಾಳಗ ಮಾತ್ರ. ಗೆಳೆಯರೊಡನೆ ಆಡುವ ನಿರೀಕ್ಷೆಯಲ್ಲಿದ್ದವರು ನಿರಾಶರಾದರು. ಹಲವರು ಕೂಡಿ ಆಡಬಲ್ಲ ‘ಫೌಜಿ: ಡಾಮಿನೇಷನ್’ ಬಂದದ್ದು 2025ರ ಜನವರಿಯಲ್ಲಿ. ಸ್ವದೇಶಾಭಿಮಾನವು ಗ್ರಾಹಕನನ್ನು ಒಮ್ಮೆ ಅಂಗಡಿಗೆ ಕರೆತರಬಹುದು; ಎರಡನೆಯ ಸಲ ಕರೆತರುವುದು ಸರಕಿನ ಗುಣಮಟ್ಟವೊಂದೇ. ಹೊಸ ಉತ್ಪನ್ನ ಬಿಡುಗಡೆ ಮಾಡುವ ಪ್ರತಿಯೊಬ್ಬ ತಯಾರಕರೂ ಇದನ್ನು ಮನಗಾಣಬೇಕು.

ಕಾನೂನು ಮತ್ತು ಲೆಕ್ಕಪತ್ರ

ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಅಧಿನಿಯಮಕ್ಕೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಹಣ ಹೂಡಿ ಹಣ ಗೆಲ್ಲುವ ಆಸೆಯಿಂದ ಆಡುವ ಗೇಮ್‌ಗಳನ್ನು, ಕೌಶಲವಿರಲಿ ಅದೃಷ್ಟವಿರಲಿ, ಅದು ನಿಷೇಧಿಸುತ್ತದೆ. ಇಂತಹ ಗೇಮ್ ಒದಗಿಸುವವರಿಗೆ ಮೂರು ವರ್ಷಗಳವರೆಗೆ ಸೆರೆವಾಸ ಹಾಗೂ ಒಂದು ಕೋಟಿ ರೂಪಾಯಿಗಳವರೆಗೆ ದಂಡವನ್ನು ವಿಧಿಸಬಹುದು. ಜಾಹೀರಾತು ನೀಡುವವರಿಗೂ ಶಿಕ್ಷೆಯುಂಟು. ಅಂಗಡಿಯ ಗೋಡೆಯನ್ನು ಜಾಹೀರಾತಿಗೆ ಕೊಡುವ ಮುನ್ನ ಇದನ್ನು ನೆನಪಿಡಬೇಕು. ವೇಷಭೂಷಣ ಮಾರುವ ಗೇಮ್‌ನಲ್ಲಿ ಹಣ ಮರಳಿ ಗೆಲ್ಲುವ ಆಸೆಯಿಲ್ಲವಾದ್ದರಿಂದ ಅದು ಬೇರೆಯೇ ವರ್ಗ. ಅಲ್ಲಿ ನಮ್ಮ ಎಚ್ಚರವೇ ನಮಗೆ ರಕ್ಷಣೆ.

ಸದಸ್ಯರು ಗಮನಿಸತಕ್ಕ ಅಂಶಗಳು: ಸಂಸ್ಥೆಯ ಚಾಲ್ತಿ ಖಾತೆಯಿಂದ ಮನೆಯವರ ಗೇಮ್‌ಗೆ ತೆತ್ತ ಹಣವು ವ್ಯಾಪಾರದ ವೆಚ್ಚವಲ್ಲ, ಅದನ್ನು ಮಾಲೀಕರ ಸ್ವಂತ ಖಾತೆಗೆ ಖರ್ಚು ಬರೆಯಬೇಕು. ಅದರ ಮೇಲಿನ ಜಿಎಸ್‌ಟಿಗೆ ಹೂಡುವಳಿ ತೆರಿಗೆ ಜಮೆ ದೊರೆಯದು. ವ್ಯಾಪಾರದ ಖಾತೆಯನ್ನು ಮಕ್ಕಳ ಕೈಗೆ ಸಿಗುವ ಮೊಬೈಲಿಗೆ ಜೋಡಿಸಬಾರದು. ದಿನದ ಕೊನೆಯಲ್ಲಿ ನಗದನ್ನು ಎಣಿಸುವಂತೆ ಯುಪಿಐ ಪಾವತಿಗಳನ್ನೂ ಒಂದೊಂದಾಗಿ ತಾಳೆ ನೋಡಬೇಕು. ಐವತ್ತು, ನೂರು ರೂಪಾಯಿಗಳ ಸಣ್ಣ ಸೋರಿಕೆಯು ತಿಂಗಳ ಕೊನೆಯಲ್ಲಿ ಒಂದು ಕಂತಿನ ಮೊತ್ತವಾಗಿ ನಿಲ್ಲುತ್ತದೆ.