ನಾಲ್ಕು ನರೆಗೂದಲಿಗೆ ಇಡೀ ತಲೆಗೆ ಡೈ ಬೇಕೇ?

ಹಣೆಯ ಅಂಚಿನಲ್ಲೋ ಬೈತಲೆಯ ಗೆರೆಯಲ್ಲೋ ಒಂದಷ್ಟು ಬಿಳಿ ಕೂದಲು ಇಣುಕಿದರೆ ಸಾಕು, ಮನೆಗೆ ಡೈ ಪೊಟ್ಟಣ ಬರುತ್ತದೆ. ಮುಂದಿನ ಭಾನುವಾರಕ್ಕೆ ತಲೆಯೆಲ್ಲ ಒಂದೇ ಕಪ್ಪು. ಇದರ ಲೆಕ್ಕ ಹಾಕುವವರು ಕಡಿಮೆ. ಮನುಷ್ಯನ ತಲೆಯಲ್ಲಿ ಸುಮಾರು 1 ಲಕ್ಷ ಕೂದಲುಗಳಿರುತ್ತವೆ. ಅವುಗಳಲ್ಲಿ 500 ನರೆತಿವೆ ಎಂದುಕೊಂಡರೂ ಅದು 200ಕ್ಕೆ ಒಂದು. ಆ ಒಂದರ ಸಲುವಾಗಿ, ಬಣ್ಣದ ಅಗತ್ಯವೇ ಇಲ್ಲದ 199 ಕೂದಲುಗಳು ಅರ್ಧ ಗಂಟೆ ರಾಸಾಯನಿಕದಲ್ಲಿ ನೆನೆಯುತ್ತವೆ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದ ಹಾಗೆ. ನರೆ ಕಡಿಮೆ ಇರುವಷ್ಟು ದಿನ ನರೆತ ಕೂದಲಿಗೆ ಮಾತ್ರ ಬಣ್ಣ ಕೊಡುವುದೇ ಜಾಣತನ. ಅದಕ್ಕೆ ಕಾರಣ ಜಿಪುಣತನವಲ್ಲ. ಕೂದಲು ನರೆಯುವ ಬಗೆ ಮತ್ತು ಡೈ ಕೆಲಸ ಮಾಡುವ ಬಗೆ.

ತಲೆ ಒಟ್ಟಾಗಿ ನರೆಯುವುದಿಲ್ಲ, ಒಂದೊಂದೇ ಕೂದಲು ನರೆಯುತ್ತದೆ. ಪ್ರತಿ ಕೂದಲಿನ ಬುಡದ ಕೋಶಕದಲ್ಲಿ ಮೆಲನಿನ್ ಎಂಬ ವರ್ಣದ್ರವ್ಯ ತಯಾರಿಸುವ ಜೀವಕೋಶಗಳಿವೆ. ಅವು ದಣಿದು ನಿಂತ ಕೋಶಕದಿಂದ ಹೊಸದಾಗಿ ಬರುವ ಕೂದಲು ಬಿಳಿಯಾಗಿರುತ್ತದೆ. ಪಕ್ಕದ ಕೋಶಕದ ಕೆಲಸ ಎಂದಿನಂತೆ ನಡೆದಿರುತ್ತದೆ. ಒಂದು ಬಿಳಿ ಕೂದಲು ಕಿತ್ತರೆ ನಾಲ್ಕು ಹುಟ್ಟುತ್ತವೆ ಎಂಬ ಮಾತು ಹಾಗಾಗಿ ಸುಳ್ಳು. ಆದರೆ ಕೀಳುವುದೂ ಪರಿಹಾರವಲ್ಲ. ಅದೇ ಕೋಶಕದಿಂದ ಮತ್ತೆ ಬರುವುದು ಬಿಳಿ ಕೂದಲೇ, ಅದೂ ಗಿಡ್ಡವಾಗಿ ನೆಟ್ಟಗೆ ನಿಂತು ಮೊದಲಿಗಿಂತ ಹೆಚ್ಚು ಕಣ್ಣಿಗೆ ಬೀಳುತ್ತದೆ. ಪದೇ ಪದೇ ಕಿತ್ತರೆ ಕೋಶಕಕ್ಕೆ ಪೆಟ್ಟಾಗಿ ಅಲ್ಲಿ ಕೂದಲೇ ಬರದೆ ಹೋಗಬಹುದು. ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ನರೆ ಸಾಮಾನ್ಯವಾಗಿ ಮೊದಲು ಕಾಣಿಸಿಕೊಳ್ಳುವುದು ಕಿವಿಯ ಮೇಲ್ಭಾಗ ಮತ್ತು ಹಣೆಯ ಆಸುಪಾಸಿನಲ್ಲಿ. ಹಿಂದಲೆಗೆ ಬರುವುದು ತಡವಾಗಿ. ಒಳಪದರದಲ್ಲಿ ಅಡಗಿದ ಬಿಳಿ ಕೂದಲು ಯಾರ ಕಣ್ಣಿಗೂ ಬೀಳುವುದಿಲ್ಲ. ಮುಚ್ಚಬೇಕಾದ ಜಾಗ ನಾವು ಅಂದುಕೊಂಡಿದ್ದಕ್ಕಿಂತ ತೀರ ಚಿಕ್ಕದು.

ಇನ್ನು ಡೈ ಮಾಡುವ ಕೆಲಸ. ಶಾಶ್ವತ ಡೈಗಳಲ್ಲಿ ಬಹುಪಾಲು ಎರಡು ಭಾಗಗಳಲ್ಲಿ ಬರುತ್ತವೆ. ಒಂದರಲ್ಲಿ ಪಿಪಿಡಿ ಅಥವಾ ಅದರ ಜಾತಿಯ ಬಣ್ಣದ ಕಚ್ಚಾವಸ್ತು, ಇನ್ನೊಂದರಲ್ಲಿ ಹೈಡ್ರೋಜನ್ ಪೆರಾಕ್ಸೈಡ್. ಅಮೋನಿಯಾದಂಥ ಕ್ಷಾರ ಕೂದಲಿನ ಹೊರಪದರವನ್ನು ಉಬ್ಬಿಸಿ ದಾರಿ ಮಾಡಿಕೊಡುತ್ತದೆ, ಒಳಹೊಕ್ಕ ಕಚ್ಚಾವಸ್ತು ಪೆರಾಕ್ಸೈಡಿನ ಜೊತೆ ಸೇರಿ ಬಣ್ಣವಾಗುತ್ತದೆ. ಇದೇ ಪೆರಾಕ್ಸೈಡ್ ಕೂದಲಿನ ಸಹಜ ಮೆಲನಿನ್ ಅನ್ನೂ ಸ್ವಲ್ಪ ಸ್ವಲ್ಪ ಅಳಿಸುತ್ತದೆ. ಬಿಳಿ ಕೂದಲಿಗೆ ಇದರಿಂದ ನಷ್ಟವಿಲ್ಲ, ಅಳಿಸಲು ಅಲ್ಲಿ ಮೆಲನಿನ್ ಇಲ್ಲವಲ್ಲ. ಕಪ್ಪು ಕೂದಲಿನ ಕಥೆಯೇ ಬೇರೆ. ಕೆಲವು ವಾರಗಳಲ್ಲಿ ಡೈ ಮಾಸಿದಾಗ ಅಡಿಯಿಂದ ಇಣುಕುವುದು ಹಳೆಯ ಕಪ್ಪಲ್ಲ, ಕೆಂಪು ಛಾಯೆಯ ಕಂದು. ಅಷ್ಟರಲ್ಲಿ ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆದು ಬುಡದಲ್ಲಿ ಗಡಿರೇಖೆ ಮೂಡುತ್ತದೆ. ಮತ್ತೆ ಡೈ, ಮತ್ತೆ ಮಾಸುವುದು. ಆರೋಗ್ಯವಾಗಿದ್ದ ಕೂದಲನ್ನೂ ನಾವೇ ಎಳೆದು ತಂದು ಈ ಚಕ್ರಕ್ಕೆ ಕಟ್ಟುತ್ತೇವೆ.

ಹಾಗಾದರೆ ಆಯ್ದ ಕೂದಲಿಗೆ ಮಾತ್ರ ಬಣ್ಣ ಹೇಗೆ? ಮದುವೆ, ಸಮಾರಂಭದಂಥ ಒಂದು ದಿನದ ಅಗತ್ಯಕ್ಕೆ ಮಸ್ಕರಾದಂತೆ ಕುಂಚದಿಂದ ಹಚ್ಚುವ, ಲಿಪ್‌ಸ್ಟಿಕ್‌ನಂತೆ ತೀಡುವ ಅಥವಾ ಪುಡಿಯಂತೆ ಒತ್ತುವ ಟಚ್-ಅಪ್‌ಗಳು ಸಿಗುತ್ತವೆ. ಅವು ಕೂದಲಿನ ಮೇಲೆ ಕೂರುತ್ತವೆ ಅಷ್ಟೆ, ಒಮ್ಮೆ ತಲೆಗೆ ಸ್ನಾನ ಮಾಡಿದರೆ ಹೋಗುತ್ತವೆ. ಬೆವರು, ಮಳೆಗೆ ಕೆಲವು ಇಳಿಯುವುದುಂಟು. ಪೆರಾಕ್ಸೈಡ್ ಇಲ್ಲದ ಅರೆಶಾಶ್ವತ ಬಣ್ಣ ಕೆಲವು ಸ್ನಾನಗಳವರೆಗೆ ನಿಂತು ಮೆಲ್ಲಗೆ ಮಾಸುವುದರಿಂದ ಬುಡದಲ್ಲಿ ಗೆರೆ ಎದ್ದು ಕಾಣದು. ಶಾಶ್ವತ ಡೈಯೇ ಬೇಕೆಂದರೆ ಚಿಕ್ಕ ಕುಂಚ ಅಥವಾ ತೊಳೆದಿಟ್ಟ ಹಳೆಯ ಮಸ್ಕರಾ ಬ್ರಷ್‌ನಿಂದ ಬಿಳಿ ಎಳೆಗಳ ಬುಡಕ್ಕೆ ಮಾತ್ರ ಹಚ್ಚಬಹುದು. ಹಣೆಯ ಅಂಚಿಗೆ ಮೊದಲೇ ವ್ಯಾಸಲಿನ್ ಸವರಿದರೆ ಚರ್ಮಕ್ಕೆ ಕಲೆಯಾಗುವುದಿಲ್ಲ. ಎರಡೂ ಭಾಗಗಳನ್ನು ಪೊಟ್ಟಣದಲ್ಲಿ ಹೇಳಿದ ಅಳತೆಯಲ್ಲೇ, ಆದರೆ ಬೇಕಾದಷ್ಟೇ ಕಲಸಬೇಕು. ಕಲಸಿದ್ದನ್ನು ನಾಳೆಗೆ ಎತ್ತಿಡುವಂತಿಲ್ಲ. ಮದರಂಗಿಗೆ ಇಲ್ಲೊಂದು ಅನುಕೂಲವಿದೆ. ಅದು ಮೆಲನಿನ್ ಅನ್ನು ಅಳಿಸುವುದಿಲ್ಲ, ಹಾಗಾಗಿ ತಲೆಗೆಲ್ಲ ಹಚ್ಚಿದರೂ ಬಣ್ಣ ಎದ್ದು ಕಾಣುವುದು ಬಿಳಿ ಕೂದಲಲ್ಲೇ. ಆ ಕಿತ್ತಳೆಗೆಂಪು ಇಷ್ಟವಾಗದವರು ಮದರಂಗಿಯ ಮೇಲೆ ನೀಲಿಗಿಡದ ಎಲೆಪುಡಿ ಹಚ್ಚಿ ಕಂದು, ಕಪ್ಪಿನತ್ತ ತರಬಹುದು.

ಆಯ್ದು ಹಚ್ಚಿದರೆ ತಲೆ ತೇಪೆ ಹಾಕಿದಂತೆ ಕಾಣುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕಾಣುತ್ತದೆ, ಅಚ್ಚ ಕಪ್ಪನ್ನು ಆರಿಸಿದರೆ. ನಮ್ಮಲ್ಲಿ ಹೆಚ್ಚಿನವರ ಕೂದಲು ಬಿಸಿಲಲ್ಲಿ ನೋಡಿದರೆ ಗಾಢ ಕಂದು. ಅದಕ್ಕೆ ಹತ್ತಿರದ, ಬೇಕಿದ್ದರೆ ಒಂದು ಛಾಯೆ ತಿಳಿಯಾದ ಬಣ್ಣ ಹಚ್ಚಿದ ಎಳೆಗಳು ಉಳಿದವುಗಳೊಂದಿಗೆ ಬೆರೆತುಹೋಗುತ್ತವೆ. ಪಾರ್ಲರ್‌ಗಳಲ್ಲಿ ದುಡ್ಡು ಕೊಟ್ಟು ಮಾಡಿಸಿಕೊಳ್ಳುವ ಹೈಲೈಟ್ಸ್ ಕೂಡ ಅಲ್ಲಲ್ಲಿ ಆಯ್ದ ಎಳೆಗಳಿಗೆ ಕೊಟ್ಟ ಬೇರೆ ಛಾಯೆಯೇ. ತಲೆಯೆಲ್ಲ ಒಂದೇ ಕಪ್ಪಾಗಿ ಮುಖದಿಂದ ಬೇರೆಯಾಗಿ ಕಾಣುವುದಕ್ಕಿಂತ ಇದು ಸಹಜ.

ಅಮೋನಿಯಾ ಇಲ್ಲದ, ಗಿಡಮೂಲಿಕೆಯ ಡೈ ಇರುವಾಗ ತಲೆಗೆಲ್ಲ ಹಚ್ಚಿದರೇನು ಎಂಬುದು ಮತ್ತೊಂದು ಪ್ರಶ್ನೆ. ಪೊಟ್ಟಣದ ಮುಂಭಾಗದ ಎಲೆ ಚಿತ್ರ ನೋಡುವ ಬದಲು ಹಿಂಭಾಗದ ಸಣ್ಣಕ್ಷರ ಓದಬೇಕು. ಮದರಂಗಿಯ ಸಹಜ ಬಣ್ಣ ಕಿತ್ತಳೆಗೆಂಪು. 'ಕಪ್ಪು ಮೆಹೆಂದಿ' ಎಂದು ಮಾರುವ ಪುಡಿಗಳಲ್ಲಿ ಹಲವಕ್ಕೆ ಆ ಕಪ್ಪು ಬರುವುದು ಪಿಪಿಡಿಯಿಂದ. ಪಿಪಿಡಿ ಚರ್ಮದ ಅಲರ್ಜಿಗೆ ಹೆಸರಾದ ವಸ್ತು. ವರ್ಷಗಟ್ಟಲೆ ಒಗ್ಗಿದ್ದವರಿಗೂ ಒಂದು ದಿನ ಇದ್ದಕ್ಕಿದ್ದಂತೆ ತುರಿಕೆ, ಬಾವು ಬರಬಹುದು. ಕುಂಚದಿಂದ ಎಳೆಗಷ್ಟೇ ಹಚ್ಚಿದರೆ ನೆತ್ತಿಯ ಚರ್ಮಕ್ಕೆ ತಗಲುವುದು ಕಡಿಮೆ. ಆದರೆ ಅಲರ್ಜಿ ಈಗಾಗಲೇ ಇರುವವರಿಗೆ ಅಷ್ಟೂ ಅಪಾಯವೇ, ಅವರು ಪಿಪಿಡಿಯ ಹತ್ತಿರ ಸುಳಿಯಬಾರದು. ಉಳಿದವರೂ ಹಚ್ಚುವ 48 ಗಂಟೆ ಮೊದಲು ಕಿವಿಯ ಹಿಂದೆ ಚೂರು ಸವರಿ ಪರೀಕ್ಷಿಸಬೇಕು. ಹುಬ್ಬು, ರೆಪ್ಪೆಯಲ್ಲಿ ಒಂದೇ ಬಿಳಿ ಕೂದಲಿದ್ದರೂ ತಲೆಯ ಡೈ ಅಲ್ಲಿಗೆ ಬೇಡ. ಹಾಗೆ ಬಳಸಿದರೆ ಕುರುಡುತನ ಬರಬಹುದು ಎಂಬ ಎಚ್ಚರಿಕೆಯನ್ನು ಪೊಟ್ಟಣದ ಮೇಲೆ ಮುದ್ರಿಸಬೇಕೆಂದು ನಮ್ಮ ದೇಶದ ನಿಯಮವೇ ಹೇಳುತ್ತದೆ.

ಇವತ್ತಲ್ಲ ನಾಳೆ ತಲೆಯೆಲ್ಲ ನರೆಯುವುದು ಇದ್ದೇ ಇದೆ, ಈಗಲೇ ಶುರು ಮಾಡಿದರೇನು ಎಂಬ ವಾದದಲ್ಲಿ ಅರ್ಧ ಸತ್ಯವಿದೆ. ಮೊದಲ ಬಿಳಿ ಎಳೆಯಿಂದ ತಲೆ ತುಂಬ ನರೆಯುವವರೆಗೆ ಹಲವರಿಗೆ ಹತ್ತು ವರ್ಷಕ್ಕೂ ಹೆಚ್ಚು ಹಿಡಿಯುತ್ತದೆ. ಅಷ್ಟೂ ವರ್ಷ ತಿಂಗಳು ತಿಂಗಳು ಕಪ್ಪು ಕೂದಲಿಗೆ ಪೆರಾಕ್ಸೈಡ್ ಉಣಿಸಿದರೆ ಮುಂದೆ ಬಣ್ಣ ಹಿಡಿಯಬೇಕಾದ ಕೂದಲೇ ಒರಟಾಗಿ, ತುಂಡಾಗುವ ಸ್ಥಿತಿಗೆ ಬಂದಿರುತ್ತದೆ. ಬಿಳಿ ಎಳೆಗಳನ್ನು ಹುಡುಕಿ ಹಚ್ಚುವುದೇ ದೊಡ್ಡ ಕೆಲಸವಾದ ದಿನ ಇಡೀ ತಲೆಗೆ ಬಣ್ಣ ಹಚ್ಚುವ ಮಾತು ಎತ್ತಬಹುದು. ಮುಚ್ಚುವುದೇ ಏಕೆ ಎಂದು ಕೇಳುವವರಿಗೂ ಎದುರು ಹೇಳಬೇಕಾದ್ದೇನಿಲ್ಲ, ನರೆ ರೋಗವಲ್ಲ. ಇಪ್ಪತ್ತೈದಕ್ಕೆ ಮೊದಲೇ ನರೆತರೆ ಮಾತ್ರ ಬಿ12 ಕೊರತೆ, ಥೈರಾಯ್ಡ್ ತೊಂದರೆ ಇದೆಯೇ ಎಂದು ವೈದ್ಯರಲ್ಲಿ ಕೇಳುವುದು ಒಳ್ಳೆಯದು. ಆಯ್ದು ಹಚ್ಚಿದವರಿಗೆ ಬೇಡವೆನಿಸಿದ ದಿನ ನಿಲ್ಲಿಸುವುದು ಸುಲಭ. ತಲೆಯೆಲ್ಲ ಹಚ್ಚಿದವರು ಎರಡು ಬಣ್ಣದ ತಲೆ ಹೊತ್ತು, ಹಳೆಯ ಕೂದಲು ಬೆಳೆದು ಕತ್ತರಿಗೆ ಸಿಗುವವರೆಗೆ ಕಾಯಬೇಕಾಗುತ್ತದೆ.